ತಾತ ಸತ್ತು 30 ವರ್ಷ ಆಯ್ತು, ಪಹಣಿಯಲ್ಲಿ ಮಾತ್ರ ಇನ್ನೂ ಬದುಕಿದ್ದಾರೆ

ದೊಡ್ಡ ಮಳೆ ಬಂದ ಮಾರನೇ ದಿನ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಹೊಲದ ಬದುವಿನ ಮೇಲೆ ನಿಂತಿದ್ರು. ಬದು ಒಡೆದು ಬಿತ್ತಿದ್ದ ರಾಗಿ, ಹಾಕಿದ್ದ ಗೊಬ್ಬರ, ಮೇಲ್ಮಣ್ಣು ಎಲ್ಲಾ ಕೊಚ್ಚಿಕೊಂಡು ಕೆಳಗಿನ ತೋಟ ಸೇರಿತ್ತು. "ನೋಡೋ, ನಮ್ಮ ಮಣ್ಣೂ ಅವರ ಹೊಲಕ್ಕೇ ಹೋಗ್ತದೆ" ಅಂದ್ರು. ನನ್ನ ಬಾಯಲ್ಲಿ ಮಾತೇ ಬರಲಿಲ್ಲ.

ಅದು ತಾತನಿಗೆ ಮಂಜೂರಾದ 2 ಎಕರೆ ಗ್ರಾಂಟ್ ಜಮೀನು. ಊರಲ್ಲಿ ಯಾರಿಗೂ ಬೇಡವಾದ ಇಳಿಜಾರು, ಕಲ್ಲು ನೆಲ. ನಮ್ಮವರಿಗೆ ಸಿಗೋದೇ ಅಂಥದ್ದು. ಬದು, ಕೃಷಿ ಹೊಂಡ ಮೊದಲು ಬೇಕಾಗಿರೋದು ಇಂಥ ನೆಲಕ್ಕೇ ಅಲ್ವಾ?

ಸರ್ಕಾರದ ಯೋಜನೆ ಇಲ್ಲ ಅಂತಲ್ಲ. 2014ರಲ್ಲಿ ಶುರುವಾದ ಕೃಷಿ ಭಾಗ್ಯದಲ್ಲಿ ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 80, ನಮಗೆ ಶೇ. 90 ಸಹಾಯಧನ. ಕೇಳೋಕೆ ಚೆನ್ನಾಗಿದೆ. ಆದರೆ ಚಿಕ್ಕಪ್ಪ ಅರ್ಜಿ ಹಾಕಿದರೆ ವಾಪಸ್ ಬಂತು. ಪಹಣಿ ಇನ್ನೂ ತಾತನ ಹೆಸರಲ್ಲಿದೆ. ಪೌತಿ ಖಾತೆ ಮಾಡಿಸಬೇಕು. ಅದಕ್ಕೆ ಮರಣ ಪ್ರಮಾಣ ಪತ್ರ ಬೇಕು. ತಾತ ಹಟ್ಟಿಯಲ್ಲೇ ತೀರಿಕೊಂಡರು, ಯಾರೂ ಬರೆಸಲಿಲ್ಲ. ವರ್ಷ ದಾಟಿದ ಸಾವನ್ನು ನೋಂದಾಯಿಸೋಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆಮೇಲೆ ವಂಶವೃಕ್ಷ, ಬೆಂಗಳೂರಲ್ಲಿ ಗಾರೆ ಕೆಲಸ ಮಾಡೋ ಅತ್ತೆ ಮಕ್ಕಳ ಒಪ್ಪಿಗೆ. ಕೂಲಿ ಬಿಟ್ಟು ಎಷ್ಟು ದಿನ ಅಲೆಯೋದು?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನೂ ಗುಮಾಸ್ತ. "ಅರ್ಜಿದಾರರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಹಿಂದಿರುಗಿಸಿದೆ" ಅಂತ ಎಷ್ಟೋ ಅರ್ಜಿಗಳ ಮೇಲೆ ನನ್ನ ಕೈಯಲ್ಲೇ ಬರೆದಿದ್ದೀನಿ. ನಿಯಮದ ಪ್ರಕಾರ ಅದು ಸರಿ. ಆದರೆ ಆ ಒಂದು ಸಾಲಿನ ಹಿಂದೆ ಎಷ್ಟು ಹೊಲಗಳ ಮಣ್ಣು ಕೊಚ್ಚಿ ಹೋಗಿರಬಹುದು ಅಂತ ಚಿಕ್ಕಪ್ಪನ ಬದುವಿನ ಮೇಲೆ ನಿಂತಾಗಲೇ ನನಗೆ ಹೊಳೆದಿದ್ದು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ ಗೆಳೆಯರೇ. ಅಮೆರಿಕದಲ್ಲಿ 1985ರ ಕಾನೂನಿನಿಂದ, ಸವಕಳಿ ಆಗೋ ಜಮೀನಲ್ಲಿ ಬೆಳೆ ಬಿಟ್ಟು ಹುಲ್ಲು, ಮರ ಬೆಳೆಸಿದರೆ ಸರ್ಕಾರವೇ 10ರಿಂದ 15 ವರ್ಷ ಎಕರೆಗಿಷ್ಟು ಅಂತ ಬಾಡಿಗೆ ಕೊಡ್ತದೆ. ಆದರೆ ದಕ್ಷಿಣದ ರಾಜ್ಯಗಳ ಎಷ್ಟೋ ಕಪ್ಪು ಜನರ ಜಮೀನು ಇನ್ನೂ ಸತ್ತ ಅಜ್ಜನ ಹೆಸರಲ್ಲೇ ಇದೆ. ಉಯಿಲಿಲ್ಲ, ಪಾಲಾಗಿಲ್ಲ. ಕೃಷಿ ಇಲಾಖೆಯ ಫಾರ್ಮ್ ನಂಬರ್ ಇಲ್ಲದೆ ಅಲ್ಲಿ ಯಾವ ಹಣವೂ ಸಿಗಲ್ಲ. 1920ರಲ್ಲಿ 9 ಲಕ್ಷಕ್ಕೂ ಹೆಚ್ಚಿದ್ದ ಕಪ್ಪು ರೈತರು ಈಗ 50 ಸಾವಿರವೂ ಇಲ್ಲ. ಸಾಲ, ಸಹಾಯಧನದಲ್ಲಿ ತಾರತಮ್ಯ ಆಗಿದೆ ಅಂತ ಕೋರ್ಟಿಗೆ ಹೋಗಿ 1999ರಲ್ಲಿ ಪರಿಹಾರದ ಒಪ್ಪಂದ ಪಡೆದರು. ಹೋರಾಟ ಅಲ್ಲಿಗೇ ನಿಲ್ಲಲಿಲ್ಲ. 2018ರ ಕೃಷಿ ಕಾಯ್ದೆಯಲ್ಲಿ, ಖಾತೆ ಹೆಸರಿಗಿಲ್ಲದಿದ್ದರೂ ಉಳುಮೆ ಮಾಡ್ತಿರೋದಕ್ಕೆ ಬೇರೆ ದಾಖಲೆ ತೋರಿಸಿದರೆ ಫಾರ್ಮ್ ನಂಬರ್ ಕೊಡಬೇಕು ಅಂತ ಬಂತು.

ನಮಗೂ ಅದೇ ಬೇಕು. ಉಳುವವನನ್ನು ನೋಡಿ ಹಣ ಕೊಡಿ, ಸತ್ತವನ ಹೆಸರು ನೋಡಿ ವಾಪಸ್ ಕಳಿಸಬೇಡಿ. ಶೇ. 90 ಅಂತ ಬೋರ್ಡ್ ಬರೆಸಿ ಬಾಗಿಲಿಗೆ ಬೀಗ ಹಾಕಿದರೆ ಅದು ಸಾಮಾಜಿಕ ನ್ಯಾಯ ಹೇಗಾಗ್ತದೆ? ಮೀಸಲಿಟ್ಟ ಹಣ ಖರ್ಚಾಗಲಿಲ್ಲ ಅಂತ ಕೊನೆಗೆ ನಮ್ಮ ಮೇಲೇ ಹೇಳ್ತಾರೆ.

ಕಾನೂನು ಬದಲಾಗೋವರೆಗೆ ಕೈ ಕಟ್ಟಿ ಕೂರೋದೂ ಬೇಡ. ಇವತ್ತೇ ನಿಮ್ಮ ಪಹಣಿ ತೆಗೆಸಿ, ಯಾರ ಹೆಸರಿದೆ ನೋಡಿ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ಬರೆಸಿ. ಪ್ರತಿ ಭಾನುವಾರ ನಾನು ನಮ್ಮ ಹಟ್ಟಿಯ ಅಂಬೇಡ್ಕರ್ ಭವನದಲ್ಲಿ ಕೂತಿರ್ತೀನಿ. ವಂಶವೃಕ್ಷದ ಅರ್ಜಿ, ಅಫಿಡವಿಟ್ ಏನಿದ್ರೂ ಬರೆದುಕೊಡ್ತೀನಿ, ಒಂದು ರೂಪಾಯಿ ಬೇಡ. ಇಷ್ಟು ವರ್ಷ ವಾಪಸ್ ಕಳಿಸಿದ ಕೈ ಇದು, ಇನ್ನು ಮೇಲಾದ್ರೂ ಒಳಗೆ ಸೇರಿಸಲಿ.

ಮೊದಲ ಅರ್ಜಿ ಚಿಕ್ಕಪ್ಪಂದು.

ಜೈ ಭೀಮ್.