ಅವಲಕ್ಕಿ ಸರ

ನಮ್ಮತ್ತೆಯವರ ಅವಲಕ್ಕಿ ಸರ ಕಳೆದುಹೋದದ್ದು 2018ರ ಗೌರಿಹಬ್ಬದ ಹಿಂದಿನ ದಿನ. ಬೀರುವಿನಲ್ಲಿ ಇಲ್ಲ, ದೇವರ ಪೆಟ್ಟಿಗೆಯಲ್ಲಿ ಇಲ್ಲ, ಹಾಸಿಗೆಯ ಅಡಿಯಲ್ಲೂ ಇಲ್ಲ. ಹಬ್ಬಕ್ಕೆಂದು ನಾದಿನಿಯರಿಬ್ಬರೂ ಸಂಸಾರ ಸಮೇತ ಬಂದಿದ್ದರು. ಅಷ್ಟು ಜನರ ಎದುರಿಗೆ ಅತ್ತೆ, "ಮತ್ತೆಲ್ಲಿಗೆ ಹೋಗ್ತದೆ? ಇವಳೇ ತೆಗೆದು ತೌರಿಗೆ ಸಾಗಿಸಿದಾಳೆ" ಎಂದುಬಿಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅದುವರೆಗೂ ಅವರು ನನ್ನನ್ನು ಗದರಿದ್ದುಂಟು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಗಂಟಿಕ್ಕಿದ್ದುಂಟು, ಕಳ್ಳಿ ಎಂದಿರಲಿಲ್ಲ. ನಾನು ಮೂರು ತಿಂಗಳು ಅವರೊಂದಿಗೆ ಮಾತು ಬಿಟ್ಟೆ. ತಟ್ಟೆ ಇಡುವುದು, ಎತ್ತುವುದು, ಅಷ್ಟೆ.

ಆ ಮೂರು ತಿಂಗಳಲ್ಲಿ ಅವರು ಒಲೆಯ ಮೇಲೆ ಹಾಲಿಟ್ಟು ಮರೆತರು, ನಾಲ್ಕು ಮನೆಯಾಚೆಗಿನ ದೇವಸ್ಥಾನದಿಂದ ಹಿಂದಿರುಗುವ ದಾರಿ ತಪ್ಪಿದರು. "ವಯಸ್ಸಾಯಿತು, ಇದೆಲ್ಲ ಇದ್ದದ್ದೇ" ಎಂದರು ಒಬ್ಬ ಡಾಕ್ಟರು. ಮರುವರ್ಷ ಇನ್ನೊಬ್ಬರು ಮಿದುಳಿನ ಸ್ಕ್ಯಾನ್ ಮಾಡಿಸಿ, ಗಡಿಯಾರದ ಚಿತ್ರ ಬರೆಸಿ, ಇದು ಆಲ್‌ಝೈಮರ್ ಎಂದರು. ಇಲ್ಲದ ಕಳ್ಳತನವನ್ನು ಮನೆಯವರ ಮೇಲೆ ಹೊರಿಸುವುದೂ ಅದರ ಒಂದು ಲಕ್ಷಣವಂತೆ. ಸರ ಆಮೇಲೆ ಸಿಕ್ಕಿತೆನ್ನಿ, ಸಾಸಿವೆ ಡಬ್ಬಿಯ ತಳದಲ್ಲಿ. ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಹೋಗಿ ನಿಂತೆ. "ಚೆನ್ನಾಗಿದೆ, ಯಾರದ್ದೇ ಇದು?" ಎಂದರು. ಕಳೆದದ್ದೂ ನೆನಪಿಲ್ಲ, ನನ್ನನ್ನು ಅಂದದ್ದೂ ನೆನಪಿಲ್ಲ. ನನಗಾದರೋ ಒಂದು ಅಕ್ಷರವೂ ಮರೆತಿರಲಿಲ್ಲ.

ಈ ರೋಗಕ್ಕೆ ಹೆಸರು ಬಂದದ್ದು ಆಲೋಯಿಸ್ ಆಲ್‌ಝೈಮರ್ ಎಂಬ ಜರ್ಮನ್ ವೈದ್ಯರಿಂದ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ ಐವತ್ತೊಂದು ವರ್ಷದ ಗೃಹಿಣಿಯನ್ನು ಕರೆತಂದರಂತೆ. ಗಂಡನ ಹೆಸರೇನು ಎಂದು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದಳು. ಗಂಡನ ಮೇಲೆ ಆಕೆಗೆ ವಿಪರೀತ ಅನುಮಾನ ಬೇರೆ. ಇದನ್ನು ಓದಿದ ದಿನ, ನೂರು ವರ್ಷ ಮುಂಚೆಯೇ ನಮ್ಮತ್ತೆಯ ಬಗ್ಗೆ ಯಾರೋ ಬರೆದಿಟ್ಟರಲ್ಲ ಎನ್ನಿಸಿತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆತ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಗಂಟುಗಂಟಾದ ಎಳೆಗಳನ್ನೂ ಗಸಿಯಂಥ ಕಲೆಗಳನ್ನೂ ಕಂಡರು. ಆ ಗಸಿ ಏನೆಂದು ತಿಳಿಯಲು ಇನ್ನೂ ಎಪ್ಪತ್ತೆಂಟು ವರ್ಷ ಬೇಕಾಯಿತು. 1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಅದನ್ನು ಬೇರ್ಪಡಿಸಿದರು: ಅಮೈಲಾಯ್ಡ್ ಬೀಟಾ ಎಂಬ ಪೆಪ್ಟೈಡು.

ಪೆಪ್ಟೈಡ್ ಎಂದರೇನು ಎಂದು ನನಗೆ ಹೇಳಿಕೊಟ್ಟವಳು ನನ್ನ ಮಗಳು. ಅವಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅದನ್ನೇ ಕಟ್ಟುವ ಕೆಲಸ ಹಿಡಿದಿದ್ದಳು. ಅಜ್ಜಿಯ ರೋಗ ನೋಡಿಯೇ ಆ ದಾರಿಗೆ ಹೋದಳು ಎಂದು ನೆಂಟರಿಗೆ ನಾನು ಹೆಮ್ಮೆಯಿಂದ ಹೇಳುತ್ತೇನೆ. ಬೇರೆ ಕಡೆ ಸೀಟು ಸಿಗದೆ ಹೋದೆ ಎಂದು ಅವಳು ಹೇಳುತ್ತಾಳೆ. ರಜೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಹೆಸರು, ಊರು ಎಲ್ಲ ಹೋದರೂ ಬಾಳೆನಾರು ಕೈಗೆ ಕೊಟ್ಟರೆ ಬೆರಳು ತಾನಾಗಿ ಹೂ ಸುತ್ತುತ್ತಿತ್ತು. "ನೋಡಮ್ಮ, ಒಂದೊಂದು ಹೂವೂ ಒಂದೊಂದು ಅಮೈನೋ ಆಮ್ಲ ಅಂದುಕೋ. ಉದ್ದ ಮಾಲೆ ಪ್ರೋಟೀನು, ಗಿಡ್ಡ ಮಾಲೆ ಪೆಪ್ಟೈಡು" ಎಂದಳು. ನಲವತ್ತೋ ನಲವತ್ತೆರಡೋ ಹೂವಿನ ತುಂಡುಮಾಲೆಯೊಂದು ದೊಡ್ಡ ಪ್ರೋಟೀನಿನಿಂದ ಕತ್ತರಿಸಿ ಬೀಳುತ್ತದೆ. ಅದು ಎಲ್ಲರ ತಲೆಯಲ್ಲೂ ಬೀಳುತ್ತದೆ, ತೊಳೆದೂ ಹೋಗುತ್ತದೆ. ಕೆಲವರಲ್ಲಿ ಹೋಗದೆ ಒಂದಕ್ಕೊಂದು ಅಂಟಿ, ಹಾಳೆಹಾಳೆಯಾಗಿ ಗಟ್ಟಿಯಾಗುತ್ತದೆ.

ಹಾಗಾದರೆ ಅಂಟದಂತೆ ಮಾಡಬಹುದಲ್ಲ? ಇದು ನನ್ನಂಥವಳಿಗೂ ಹೊಳೆಯುವ ಮಾತು. 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಆ ಮಾಲೆಯ ಹದಿನಾರರಿಂದ ಇಪ್ಪತ್ತನೆಯವರೆಗಿನ ಐದು ಹೂಗಳೇ ಅಂಟುವುದರಲ್ಲಿ ಮುಖ್ಯವೆಂದು ಕಂಡುಕೊಂಡು, ಆ ಐದನ್ನೇ ಬೇರೆಯಾಗಿ ಕಟ್ಟಿ ಬಿಟ್ಟರು. ಅದು ಹೋಗಿ ಅಮೈಲಾಯ್ಡಿಗೆ ಕಚ್ಚಿಕೊಂಡು ಎಳೆ ಬೆಳೆಯದಂತೆ ತಡೆಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ಕ್ಲಾಡಿಯೋ ಸೋಟೋ ಎಂಬವರು ನಡುವೆ ಪ್ರೋಲೀನ್ ಎಂಬ ಸೊಟ್ಟ ಹೂವೊಂದನ್ನು ಸೇರಿಸಿದರು, ಹಾಳೆ ನೆಟ್ಟಗೆ ಕೂರದಿರಲೆಂದು. ಕೇಳಲಿಕ್ಕೆ ಎಷ್ಟು ಸುಲಭ! "ಮತ್ತೆ ಮಾತ್ರೆ ಎಲ್ಲಿ?" ಎಂದು ಕೇಳಿದೆ.

ಮಗಳು ನಕ್ಕಳು. ಪೆಪ್ಟೈಡನ್ನು ನುಂಗಿದರೆ ಹೊಟ್ಟೆಗೆ ಅದು ಔಷಧಿಯೋ ತೊಗರಿಬೇಳೆಯೋ ಗೊತ್ತಾಗುವುದಿಲ್ಲವಂತೆ. ಎರಡನ್ನೂ ಒಂದೇ ರೀತಿ ಅರೆದು ಜೀರ್ಣಿಸಿಬಿಡುತ್ತದೆ. ನಮ್ಮವರ ಇನ್ಸುಲಿನ್ ಮಾತ್ರೆಯಾಗಿ ಬಾರದೆ ಫ್ರಿಜ್ಜಿನಲ್ಲಿ ಹೆಪ್ಪಿನ ಪಾತ್ರೆಯ ಪಕ್ಕ ಚುಚ್ಚುಮದ್ದಾಗಿ ಕುಳಿತಿರುವುದು ಇದೇ ಕಾರಣಕ್ಕೆ. ಅದೂ ಐವತ್ತೊಂದು ಅಮೈನೋ ಆಮ್ಲಗಳ ಪೆಪ್ಟೈಡೇ. ಸರಿ, ಚುಚ್ಚೋಣ. ರಕ್ತದಲ್ಲೂ ಕತ್ತರಿ ಹಿಡಿದ ಕಿಣ್ವಗಳು ಕಾದಿರುತ್ತವೆ. ಅವನ್ನು ದಾಟಿದರೆ ಮಿದುಳಿನ ರಕ್ತನಾಳಗಳ ಗೋಡೆ. ಕಂಡಕಂಡವರನ್ನು ಅದು ಒಳಗೆ ಬಿಡುವುದಿಲ್ಲ.

ಈ ಕತ್ತರಿಯನ್ನು ಮೋಸಗೊಳಿಸುವ ಉಪಾಯಗಳು ನನಗೆ ಬಹಳ ಹಿಡಿಸಿದವು. ನಮ್ಮ ಮೈಯ ಪ್ರೋಟೀನೆಲ್ಲ ಎಡಗೈ ಬಗೆಯ ಅಮೈನೋ ಆಮ್ಲದ್ದು. ಅದನ್ನೇ ಕನ್ನಡಿಯಲ್ಲಿ ಕಂಡಂತೆ ಬಲಗೈ ಬಗೆಯದರಿಂದ ಕಟ್ಟಿದರೆ, ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿದಂತಾಗಿ ಕಿಣ್ವ ಕಕ್ಕಾಬಿಕ್ಕಿ. ಜರ್ಮನಿಯ ಯೂಲಿಶ್‌ನಲ್ಲಿ ಡೀಟರ್ ವಿಲ್‌ಬೋಲ್ಡ್ ಅವರ ತಂಡ ಹೀಗೆ ಹನ್ನೆರಡರ ಮಾಲೆಯೊಂದನ್ನು ಮಾಡಿ, ಬಾಯಿಯಿಂದಲೇ ಕೊಟ್ಟು, ಆರೋಗ್ಯವಂತರ ಮೇಲಿನ ಮೊದಲ ಹಂತದ ಪರೀಕ್ಷೆ ಮುಗಿಸಿದೆ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಟಿ. ಗೋವಿಂದರಾಜು ಮತ್ತು ಸಂಗಡಿಗರು ಆ ಸ್ವೀಡನ್ನಿನ ಐದು ಹೂವಿನ ಮಾಲೆಯನ್ನೇ ತೆಗೆದುಕೊಂಡು, ಒಂದು ಬಿಟ್ಟು ಒಂದರಂತೆ ಬೇರೆ ಹೂ ಪೋಣಿಸಿ, ಕತ್ತರಿಗೆ ಬೇಗ ಸಿಗದಂತೆ ಮಾಡಿ 2015ರಲ್ಲಿ ಪ್ರಕಟಿಸಿದರು. ಅದು ಅಮೈಲಾಯ್ಡಿನ ವಿಷದಿಂದ ಯೀಸ್ಟ್ ಕಣಗಳನ್ನು ಉಳಿಸಿತಂತೆ. ಬ್ರೆಡ್ಡಿಗೆ ಹಾಕುವ ಯೀಸ್ಟೇ. ಅಲ್ಲಿಂದ ನಮ್ಮತ್ತೆಯವರೆಗೆ ಎಷ್ಟು ದೂರ ಎಂದು ನಾನು ಕೇಳಲು ಹೋಗಲಿಲ್ಲ.

ಮಗಳ ಕೆಲಸವನ್ನೂ ಒಮ್ಮೆ ನೋಡಿಬಂದೆ. ಪ್ಲಾಸ್ಟಿಕ್ ಮಣಿಗಳಂಥ ಪುಡಿಗೆ ಮೊದಲ ಅಮೈನೋ ಆಮ್ಲ ಅಂಟಿಸುವುದು, ತೊಳೆಯುವುದು, ಎರಡನೆಯದು, ತೊಳೆಯುವುದು. 1963ರಲ್ಲಿ ಮೆರಿಫೀಲ್ಡ್ ಎಂಬಾತ ಕಂಡುಹಿಡಿದ ಈ ಕ್ರಮಕ್ಕೆ ನೊಬೆಲ್ ಬಹುಮಾನವೇ ಬಂದಿದೆ. "ಇಷ್ಟು ತೊಳೆಯುವುದಕ್ಕೆ ಬೆಂಗಳೂರಿಗೆ ಬರಬೇಕಿತ್ತೇನೆ? ಮನೆಯಲ್ಲಿ ಒಂದು ಲೋಟ ತೊಳೆದವಳಲ್ಲ" ಎಂದೆ. ಹುಡುಗಿಯರೆಲ್ಲ ನಕ್ಕರು.

ನಗುತ್ತಿದ್ದರೂ ನನ್ನ ಮನಸ್ಸಿನಲ್ಲಿ ಒಂದು ಆಸೆ ಬೇರೂರಿತ್ತು. ಯಾರಿಗೂ ಹೇಳಿರಲಿಲ್ಲ. ಸೆಮಾಗ್ಲೂಟೈಡ್ ಎಂಬ ಸಕ್ಕರೆ ಕಾಯಿಲೆಯ ಮದ್ದು ನಿಮಗೂ ಗೊತ್ತಿರಬಹುದು, ತೂಕ ಇಳಿಸಲೆಂದು ಈಗ ಮನೆಮಾತಾಗಿದೆ. ಅದೂ ಪೆಪ್ಟೈಡೇ, ನುಂಗುವ ಮಾತ್ರೆಯೂ ಇದೆ. ಆಲ್‌ಝೈಮರ್ ಶುರುವಾದ ಸುಮಾರು 3,800 ಮಂದಿಗೆ ಅದನ್ನು ಕೊಟ್ಟೂ, ಬರಿಯ ಹುಸಿಮಾತ್ರೆ ಕೊಟ್ಟೂ ಪರೀಕ್ಷಿಸುತ್ತಿದ್ದರು. ಫಲಿತಾಂಶಕ್ಕೆ ನಾನು ಮಗಳ ಪಿಯುಸಿ ಫಲಿತಾಂಶಕ್ಕಿಂತ ಹೆಚ್ಚು ಕಾದೆ. 2025ರ ನವೆಂಬರಿನಲ್ಲಿ ಬಂತು. ರೋಗದ ಓಟ ನಿಧಾನವಾಗಲಿಲ್ಲ. ಎರಡು ಪರೀಕ್ಷೆಗಳಲ್ಲೂ ಅದೇ ಉತ್ತರ.

ಅಂದು ರಾತ್ರಿ ಫೋನಿನಲ್ಲಿ ಮಗಳೊಂದಿಗೆ ಜಗಳವಾಡಿದೆ, ಅವಳೇ ಆ ಔಷಧಿ ಮಾಡಿದವಳೋ ಎಂಬಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು, "ಅಮ್ಮ, ಗುಣವಾದರೆ ಅಜ್ಜಿಯಿಂದ ನಿನಗೇನು ಬೇಕಾಗಿತ್ತು?"

ಹೇಳಿದೆ. ಐದು ನಿಮಿಷ ಬೇಕಿತ್ತು. ನಾದಿನಿಯರು ಎದುರಿಗಿರಬೇಕು, ಅತ್ತೆಗೆ ಬುದ್ಧಿ ಬರಬೇಕು, "ಇವಳು ತೆಗೆದಿರಲಿಲ್ಲ" ಎಂದು ಒಂದು ಮಾತು ಹೇಳಬೇಕು. ಆಮೇಲೆ ಬೇಕಾದರೆ ಮತ್ತೆ ಮರೆಯಲಿ.

"ಯಾವ ಪೆಪ್ಟೈಡೂ ಅದನ್ನು ಕೊಡುವುದಿಲ್ಲಮ್ಮ" ಎಂದಳು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್ ಎಂಬ ಚುಚ್ಚುಮದ್ದು ಪೆಪ್ಟೈಡಲ್ಲ, ಪ್ರತಿಕಾಯ. ಅದು ಗಸಿಯನ್ನು ತೊಳೆಯುತ್ತದೆ, ಹದಿನೆಂಟು ತಿಂಗಳಲ್ಲಿ ಇಳಿಜಾರನ್ನು ಶೇ. 27ರಷ್ಟು ನಿಧಾನಿಸುತ್ತದೆ. ಅಷ್ಟೆ. ಅದೂ ಆರಂಭದಲ್ಲಿರುವವರಿಗೆ. ಸತ್ತ ನರಕೋಶ ಎದ್ದುಬರುವುದಿಲ್ಲ. ತಾನು ಕಟ್ಟುತ್ತಿರುವುದು ಮುಂದೆ ಬರುವವರಿಗಾಗಿ ಎಂದಳು. ಮುಂದೆ ಬರುವವರು ಎಂದರೆ ಯಾರೆಂದು ಅವಳು ಹೇಳಲಿಲ್ಲ. ನನಗೆ ಈಗ ಐವತ್ತೆಂಟು.

ಮರುದಿನ ಸಂಜೆ ಅತ್ತೆಗೆ ಹೂ, ನಾರು ಕೊಟ್ಟು ಕೂರಿಸಿದೆ. ಏನನ್ನಿಸಿತೋ, ಒಳಗಿನಿಂದ ಅವಲಕ್ಕಿ ಸರ ತಂದು ಅವರ ಕೊರಳಿಗೆ ಹಾಕಿದೆ. ಬೆರಳಲ್ಲಿ ಒಂದೊಂದೇ ಎಸಳನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಇದನ್ನು ನಮ್ಮ ಸೊಸೆ ಎತ್ತಿಟ್ಟಿದ್ದಳಲ್ಲ, ನಿಮಗೆ ಹೇಗೆ ಸಿಕ್ಕಿತಮ್ಮ?" ಎಂದರು.

ಎತ್ತಿಟ್ಟಿದ್ದಳು ಎಂದರೆ ಜೋಪಾನ ಮಾಡಿದ್ದಳು ಎಂದೋ, ಲಪಟಾಯಿಸಿದ್ದಳು ಎಂದೋ. ಕೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮತ್ತೆ ಹೂವಿಗೆ ಕೈ ಹಾಕಿದ್ದರು, ನಾರು ಮುಗಿಯುತ್ತ ಬಂದಿತ್ತು. ತರಲು ಹಿತ್ತಿಲಿಗೆ ಹೋದೆ.