ಸ್ಟುಟ್‌ಗಾರ್ಟಿನ ಕಾವಡಿ

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವವನಿಗೆ ಮೋಟಾರುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ ನನ್ನ ಭಾವಮೈದುನ. ಕಳೆದ ಬೇಸಗೆಯ ರಜೆಯಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇಂಜಿನಿಯರಾಗಿರುವ ಅವನ ಮನೆಗೆ ಹೋಗಿದ್ದೆವು. ಸಮೀಪದ ಮಾರ್ಬಾಕ್‌ನಲ್ಲಿ ಷಿಲ್ಲರ್ ಕವಿ ಹುಟ್ಟಿದ ಮನೆಯನ್ನು ನೋಡಬೇಕೆಂಬುದು ನನ್ನ ಆಸೆ; ಪೋರ್ಷೆ ಕಾರುಗಳ ವಸ್ತುಸಂಗ್ರಹಾಲಯವನ್ನು ತೋರಿಸಬೇಕೆಂಬುದು ಅವನ ಹಟ. ಮೊದಲ ದಿನ ತಮ್ಮನ ಮಾತು, ಮರುದಿನ ಗಂಡನ ಮಾತು ನಡೆಯತಕ್ಕದ್ದೆಂದು ನನ್ನ ಹೆಂಡತಿ ತೀರ್ಪಿತ್ತಳು.

ನಗರದ ಮುಖ್ಯ ನಿಲ್ದಾಣದಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನಾಯ್‌ವಿರ್ಟ್ಸ್‌ಹೌಸ್ ಎಂಬಲ್ಲಿ ಇಳಿದರೆ ಎದುರಿಗೇ 2009ರಲ್ಲಿ ತೆರೆದ ಆ ಭವನ. ಮೂರೇ ಮೂರು ಆಧಾರಗಳ ಮೇಲೆ ನಿಂತ ಶ್ವೇತವರ್ಣದ ಆ ಬೃಹತ್ಕಾಯವನ್ನು ಕಂಡಾಗ, ಇದು ಈಗಲೋ ಆಗಲೋ ಹಾರಿಹೋದೀತೆಂಬ ಭ್ರಾಂತಿಯಾಗುತ್ತದೆ. ಒಳಗಿನ ವಾಹನಗಳನ್ನೆಲ್ಲ ನಾನಿಲ್ಲಿ ಬಣ್ಣಿಸುವುದಿಲ್ಲ. ಅರ್ಧಕ್ಕಿಂತ ಹೆಚ್ಚಿನವು ನನ್ನ ಕಣ್ಣಿಗೆ ಒಂದೇ ತರಹ ಕಂಡವು.

ನಾನು ನಿಂತದ್ದು 928 ಎಂಬ ಕಾರಿನ ಮುಂದೆ. ನದಿಯಲ್ಲಿ ಉರುಳಿ ನುಣುಪಾದ ಕಲ್ಲಿನಂತೆ ಎಲ್ಲಿಯೂ ಮೂಲೆಯಿಲ್ಲದ ಮೈ. ಭಾವಮೈದುನ ಟಿಕೇಟಿನ ಬೆನ್ನಿನ ಮೇಲೆ ಪೆನ್ಸಿಲಿನಿಂದ ಎರಡು ಚೌಕಗಳನ್ನು ಬರೆದು, ನಡುವೆ ಒಂದು ಗೆರೆಯನ್ನೆಳೆದ.

“ನೋಡಿ ಭಾವ, ಮುಂದಿನದು ಇಂಜಿನ್ನು. ಸಾಮಾನ್ಯವಾಗಿ ಅದರ ಬೆನ್ನಿಗೇ ಗೇರ್‌ಬಾಕ್ಸ್ ಅಂಟಿಕೊಂಡಿರುತ್ತೆ. ಇವರು ಅದನ್ನು ಒಯ್ದು ಹಿಂದಿನ ಅಚ್ಚಿನ ಹತ್ತಿರ ಇಟ್ಟರು. ಟ್ರಾನ್ಸ್‌ಆಕ್ಸಲ್ ಅಂತಾರೆ.”

“ಹಾಗಾದರೆ ಇದು ಕಾವಡಿಯಲ್ಲವೇನಪ್ಪ?” ಎಂದೆ.

ಅವನು ನಕ್ಕನಾದರೂ ಅಲ್ಲವೆನ್ನಲಿಲ್ಲ. ನಾನು ಚಿಕ್ಕವನಾಗಿದ್ದಾಗ ತಾತ ಎತ್ತಿನ ಗಾಡಿಗೆ ಮೂಟೆ ಹೇರುವಾಗ ಎರಡು ಮೂರು ಸಲ ಮೂಕಿಯನ್ನು ಎತ್ತಿ ನೋಡುತ್ತಿದ್ದುದುಂಟು. ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಆಕಾಶ ನೋಡುತ್ತದೆ. 928ರಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳ ಮೇಲೆ ಭಾರವು ಸರಿಸುಮಾರು ಸಮಸಮವಾಗಿ ಬೀಳುತ್ತದೆಯಂತೆ. ಗೇರು ಇಂಜಿನ್ನಿನ ತಿರುಚುಬಲವನ್ನು ಹೆಚ್ಚಿಸುವ ಸಾಧನ. ಆ ಹೆಚ್ಚಿಸುವ ಕೆಲಸ ಹಿಂದೆ ನಡೆಯುವುದರಿಂದ ನಡುವಣ ಉಕ್ಕಿನ ದಂಡವು ಇಂಜಿನ್ನಿನ ಮೂಲಬಲವನ್ನಷ್ಟೇ ಹೊತ್ತರೆ ಸಾಕು. ಆದ್ದರಿಂದ ಅದು ತೆಳ್ಳಗಿರಬಹುದು. ಆದರೆ ಇಂಜಿನ್ನಿನಷ್ಟೇ ವೇಗವಾಗಿ ತಿರುಗುತ್ತಿರಬೇಕು. ಅದನ್ನು ಗಟ್ಟಿಯಾದ ಕೊಳವೆಯೊಳಗಿರಿಸಿ, ಆ ಕೊಳವೆಯಿಂದಲೇ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದಾಗಿ ಬಿಗಿದಿದ್ದಾರೆ. ಕಾವಡಿ ಹೊತ್ತವನು ಓಲಾಡದೆ ನೆಟ್ಟಗೆ ನಡೆಯುತ್ತಾನೆ, ಥಟ್ಟನೆ ತಿರುಗಲು ಮಾತ್ರ ಹಿಂಜರಿಯುತ್ತಾನೆ. ಈ ಕಾರಿನ ಸ್ವಭಾವವೂ ಹಾಗೆಯೇ ಎಂದ ಭಾವಮೈದುನ.

ಈ ಉಪಾಯ ಪೋರ್ಷೆಯವರು ಕಂಡುಹಿಡಿದದ್ದಲ್ಲ. ಇಟಲಿಯ ಲಾಂಚಿಯಾ ಕಂಪನಿ 1950ರಲ್ಲಿಯೇ ತನ್ನ ಆರೇಲಿಯಾ ಕಾರಿನಲ್ಲಿ ಅದನ್ನು ಅಳವಡಿಸಿತ್ತು. ಆಲ್ಫಾ ರೋಮಿಯೋದವರು 1972ರಲ್ಲಿ ಆಲ್ಫೆಟ್ಟಾ ಎಂಬ ಸಂಸಾರಸ್ಥರ ಕಾರಿಗೂ ಅದನ್ನು ತಂದರು. ಪೋರ್ಷೆಯವರ ಕಥೆಯಲ್ಲಿರುವ ಸ್ವಾರಸ್ಯ ಬೇರೆ. 1963ರಲ್ಲಿ ಲೋಕಕ್ಕೆ ಕಾಣಿಸಿಕೊಂಡ ಅವರ 911ರ ಇಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗುತ್ತಿತ್ತು. ತಾತ ಕಂಡಿದ್ದರೆ ಬೈಯುತ್ತಿದ್ದ ಹೇರಿಕೆ! ತಿರುವಿನ ನಡುವೆ ಚಾಲಕನು ಬೆದರಿ ಕಾಲೆತ್ತಿದರೆ ಬಾಲವೇ ಮುಂದಾಗಲು ಹವಣಿಸುತ್ತಿತ್ತು. ಶಬ್ದ, ಹೊಗೆ, ಸುರಕ್ಷತೆಗಳ ಹೊಸ ಕಟ್ಟಳೆಗಳು ಬಂದಾಗ ಇದರ ಆಯುಷ್ಯ ಮುಗಿಯಿತೆಂದೇ ಭಾವಿಸಿದ ಕಂಪನಿಯ ಮುಖ್ಯಸ್ಥ ಎರ್ನ್ಸ್ಟ್ ಫೂರ್ಮಾನ್ ಅವರು, ಉತ್ತರಾಧಿಕಾರಿಯಾಗಿ 928ನ್ನು ಸಿದ್ಧಪಡಿಸಿದರು. 1977ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಅದು ಹೊರಬಂದಿತು. 1978ರ ಯೂರೋಪಿನ ಶ್ರೇಷ್ಠ ಕಾರೆಂಬ ಪ್ರಶಸ್ತಿಯೂ ಬಂದಿತು. ಲೆಕ್ಕವೆಲ್ಲ ಸರಿ. ಆದರೆ ಜನ ಹಳೆಯದನ್ನೇ ಕೇಳಿದರು.

ಮಾತ್ರೆಗಳ ಲೆಕ್ಕ ತಪ್ಪದ ಷಟ್ಪದಿಗಳೆಲ್ಲ ಜನರ ನಾಲಗೆಯ ಮೇಲೆ ನಿಂತಿವೆಯೇ?

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪೀಟರ್ ಶುಟ್ಸ್ 1981ರಲ್ಲಿ ಕಂಪನಿಯ ಅಧಿಕಾರ ವಹಿಸಿಕೊಂಡರು. ಮುಖ್ಯ ಇಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯ ಮೇಲೆ ಒಂದು ನಕ್ಷೆ. ಅದರಲ್ಲಿ ಇತರ ಕಾರುಗಳ ಗೆರೆಗಳು ಮುಂದೆ ಸಾಗಿದ್ದರೆ 911ರ ಗೆರೆ ಆ ವರ್ಷಕ್ಕೇ ನಿಂತುಹೋಗಿತ್ತು. ಶುಟ್ಸ್ ಲೇಖನಿಯನ್ನೆತ್ತಿಕೊಂಡು ಆ ಗೆರೆಯನ್ನು ಕಾಗದದಾಚೆಗೆ ಗೋಡೆಯ ಮೇಲೂ ಬಾಗಿಲಾಚೆಗೂ ಎಳೆದರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 928 ಅದರ ಜೊತೆಯಲ್ಲಿಯೇ 1995ರವರೆಗೆ ಬದುಕಿತು. ತಯಾರಾದವು ಸುಮಾರು 61,000. ಹತ್ತು ಲಕ್ಷನೆಯ 911 ಹೊರಬಂದದ್ದು 2017ರಲ್ಲಿ.

ಇದನ್ನೆಲ್ಲ ನಾವು ಮಾತನಾಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ವೃದ್ಧರು ಕೈಕೋಲನ್ನೂರಿ ನಿಂತಿದ್ದರು. ಭಾವಮೈದುನ ಅವರನ್ನು ಮಾತನಾಡಿಸಿದ. ಅವರಲ್ಲಿ ಹತ್ತೊಂಬತ್ತು ವರ್ಷ ಇದ್ದದ್ದು 924; ಅದೂ ಕಾವಡಿಯ ವಂಶದ್ದೇ, 1976ರಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ತಮ್ಮ. ಮೂಲತಃ ಫೋಕ್ಸ್‌ವಾಗನ್ನಿಗಾಗಿ ರೂಪಿಸಿ, ಅವರು ಬೇಡವೆಂದಾಗ ಪೋರ್ಷೆ ತಾನೇ ಇಟ್ಟುಕೊಂಡ ಕೂಸು. ವ್ಯಾನಿಗೂ ಹಾಕುತ್ತಿದ್ದ ಇಂಜಿನ್ನೆಂದು ಜನ ಹಳಿಯುತ್ತಿದ್ದರಂತೆ. ನಿಜವಾದ ಪೋರ್ಷೆ ಕೊಳ್ಳುವುದು ಎಂದಿಗೆಂದು ನೆರೆಮನೆಯಾತ ಪ್ರತಿವರ್ಷವೂ ಕೇಳುತ್ತಿದ್ದನಂತೆ. ಮಳೆ ಸುರಿವ ರಾತ್ರಿಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಲ್ಪ್ಸ್ ಕಣಿವೆಗಳನ್ನು ದಾಟಿದ್ದೇನೆ, ಒಂದು ಸಲವೂ ಅದು ನನ್ನ ಕೈ ಬಿಡಲಿಲ್ಲ ಎಂದರು. ಕಣ್ಣು ಮಂದವಾದ ಮೇಲೆ ಮಾರಿದರು. ಕೊಂಡವನು ಬಂದ ದಿನ ತಾವು ಹಿತ್ತಲಿಗೆ ಹೋಗಿಬಿಟ್ಟರಂತೆ. ಇಷ್ಟು ಹೇಳಿ, 928ರ ಹಿಂಬದಿಗೆ, ಗೇರ್‌ಬಾಕ್ಸ್ ಇರುವ ಕಡೆಗೆ, ಕೈಕೋಲಿನಿಂದ ಬೊಟ್ಟುಮಾಡಿ ತಲೆದೂಗಿದರು. ಅವರಿಗೆ ನನ್ನ ಕಾವಡಿಯ ಮಾತನ್ನು ತಿಳಿಸೆಂದೆ. ಜರ್ಮನ್ ಭಾಷೆಯಲ್ಲಿ ಕಾವಡಿಗೆ ಏನೆನ್ನುವರೋ ನನ್ನ ಭಾವಮೈದುನನಿಗೆ ತಿಳಿಯದು. ಅವನು ಎರಡು ಕೈಗಳನ್ನೂ ಚಾಚಿ, ಹೆಗಲನ್ನು ಕುಣಿಸುತ್ತ ನಾಲ್ಕು ಹೆಜ್ಜೆ ನಡೆದು ತೋರಿಸಿದ. ವೃದ್ಧರು ಗಟ್ಟಿಯಾಗಿ ನಕ್ಕರು.

ಹೊರಗೆ ಬಂದಾಗ ಸಂಜೆಯಾಗಿತ್ತು. ಎದುರಿನ ಚೌಕದಲ್ಲಿ ಮೂರು ಬಿಳಿಯ ಕಂಬಗಳು ಬಾನಿಗೆ ಚಾಚಿವೆ. ಒಂದೊಂದರ ತುದಿಗೂ ನಿಜವಾದ ಒಂದೊಂದು ಕಾರನ್ನು ಸಿಕ್ಕಿಸಿದ್ದಾರೆ. ಯಾವ ಕಾರುಗಳೆಂದು ಕೇಳಿದೆ.

“ಮೂರೂ 911, ಭಾವ” ಎಂದ.

ರೈಲಿಗೆ ಇನ್ನೂ ಆರು ನಿಮಿಷವಿತ್ತು. ಟಿಕೇಟನ್ನು ಅವನಿಂದ ಕೇಳಿ ಪಡೆದು, ಮರುದಿನ ಮಾರ್ಬಾಕ್‌ಗೆಂದು ತೆಗೆದಿರಿಸಿದ್ದ ಪುಸ್ತಕದ ನಡುವೆ ಇಟ್ಟುಕೊಂಡೆ.