ರಾಶಿಯೊಳಗಿನ ತೇವ

ಆದಿಲ್‌ಶಾಹಿ ಕಾಲದ ಕೆರೆಗೆ ಹೆಸರಾದ ನಮ್ಮ ಮಮದಾಪುರದ ಕಡೆ ಜೋಳ ಕೊಳ್ಳುವವರು ರಾಶಿಯ ಮೇಲ್ಭಾಗವನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಒಳಗೆ ಕೈ ಹಾಕಿ ನೋಡುತ್ತಾರೆ. ಪ್ರವಾದಿ ಮುಹಮ್ಮದ್(ಸ)ರವರೂ ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗುಲಿತು. ಮಳೆ ಬಿದ್ದಿತ್ತೆಂದ ವ್ಯಾಪಾರಿಯನ್ನು, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ವರದಿಯನ್ನು ನಾವು ಸಾಮಾನ್ಯವಾಗಿ ಅಂಗಡಿಯವರಿಗೆ ಮಾತ್ರ ಹೇಳುತ್ತೇವೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ಅಲ್ಲಿ ಕೋಡ್ ಬರೆಯುವವರು ಡೆವಲಪರ್‌ಗಳು, ಪರೀಕ್ಷಿಸುವವರು ಟೆಸ್ಟರ್‌ಗಳು. ಈ ವಿಭಜನೆ ಅಗತ್ಯವೇ. ತನ್ನ ತಪ್ಪು ತನಗೆ ಕಾಣುವುದು ಕಷ್ಟ. ಆದರೆ ದೋಷವಿದ್ದರೆ ಟೆಸ್ಟರ್ ಹಿಡಿಯುತ್ತಾನೆಂದು ಒಬ್ಬನೂ, ಬರೆದವನು ನೋಡಿಯೇ ಇರುತ್ತಾನೆಂದು ಇನ್ನೊಬ್ಬನೂ ಭಾವಿಸಿದರೆ ಹೊಣೆ ನಡುವೆಯೇ ಉಳಿದುಬಿಡುತ್ತದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ಥಗಿತಗೊಂಡವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಸಂಸ್ಥೆಗಳು ಕೈಯಿಂದಲೇ ಚೆಕ್‌-ಇನ್ ನಡೆಸಬೇಕಾಯಿತು. ಕಾರಣ ಸಣ್ಣದು. ಸಾಫ್ಟ್‌ವೇರಿನ ಒಂದು ಭಾಗವು 21 ಮಾಹಿತಿಗಳನ್ನು ನಿರೀಕ್ಷಿಸುತ್ತಿತ್ತು. ಇನ್ನೊಂದು ಭಾಗವು 20ನ್ನು ಮಾತ್ರ ಒದಗಿಸುತ್ತಿತ್ತು. ಪರೀಕ್ಷೆ ನಡೆಯದೆ ಇರಲಿಲ್ಲ. ಆದರೆ 21ನೆಯ ಸ್ಥಾನಕ್ಕೆ 'ಏನಿದ್ದರೂ ಸರಿ' ಎಂಬ ನಿಯಮವಿಟ್ಟು ಪರೀಕ್ಷಿಸಿದ್ದರಿಂದ ಕೊರತೆ ಕಾಣಲಿಲ್ಲ. ರಾಶಿಯ ಮೇಲೆ ಕೈಯಾಡಿಸಿದಂತಾಯಿತು! 78 ನಿಮಿಷಗಳಲ್ಲಿ ಅಪ್‌ಡೇಟ್ ಹಿಂತೆಗೆದರೂ, ಕೆಟ್ಟುಹೋದ ಬಹಳಷ್ಟು ಯಂತ್ರಗಳನ್ನು ಒಂದೊಂದಾಗಿ ಸರಿಪಡಿಸಬೇಕಾಯಿತು. ಬಳಿಕ ಸಂಸ್ಥೆಯು ಎರಡೂ ಕಡೆ ತಿದ್ದಿಕೊಂಡಿತು: ಎಣಿಕೆ ತಾಳೆಯಾಗುತ್ತದೆಯೇ ಎಂದು ಕೋಡ್ ಸಿದ್ಧಗೊಳ್ಳುವಾಗಲೇ ಪರಿಶೀಲನೆ, ಪರೀಕ್ಷೆಯಲ್ಲಿ ಪ್ರತಿ ಸ್ಥಾನಕ್ಕೂ ಖಚಿತ ನಿಯಮ.

ಇಬ್ಬರಲ್ಲಿ ಯಾರ ಹೊಣೆ ಮೊದಲು? ಮಾರುಕಟ್ಟೆಯಲ್ಲಿ ಪ್ರಶ್ನೆ ಎದುರಾದದ್ದು ವ್ಯಾಪಾರಿಗೆ. ಮಳೆ ಬಿದ್ದದ್ದು ಅವನಿಗೆ ಗೊತ್ತಿತ್ತು. ಯಾವ ಸಾಲುಗಳನ್ನು ಅವಸರದಲ್ಲಿ ಬರೆದೆನೆಂಬುದು ಡೆವಲಪರ್‌ಗೂ ಗೊತ್ತಿರುತ್ತದೆ. ಅದನ್ನು ಟೆಸ್ಟರ್‌ಗೆ ತಾನಾಗಿಯೇ ತಿಳಿಸುವುದು ಅಮಾನತಿನ ಭಾಗವೆಂದೇ ನಮ್ಮ ಭಾವನೆ. ಗಡುವು ವಿಧಿಸುವ ಮೇಲಧಿಕಾರಿಯೂ ಇದರಿಂದ ಹೊರತಲ್ಲ. ಪ್ರತಿಯೊಬ್ಬನೂ ಕುರುಬನೇ, ತನ್ನ ಹಿಂಡಿನ ಬಗ್ಗೆ ಉತ್ತರಿಸಬೇಕಾದವನೇ ಎಂಬ ಪ್ರವಾದಿವಚನ ಅವನಿಗೂ ಸಲ್ಲುತ್ತದೆ.

ಟೆಸ್ಟರ್‌ಗಳಿಗೆ ಇನ್ನೊಂದು ಸಂಕೋಚವಿರುತ್ತದೆ. ಸಹೋದ್ಯೋಗಿಯ ದೋಷವನ್ನು ದಾಖಲಿಸಿದರೆ ಗೀಬತ್ ಆದೀತೇ ಎಂದು ಹಿಂಜರಿಯುವವರಿದ್ದಾರೆ. ಕೆಲಸದಲ್ಲಿನ ಕೊರತೆಯನ್ನು ಸಂಬಂಧಪಟ್ಟವರಿಗೆ ತಿಳಿಸುವುದು ವ್ಯಕ್ತಿಯನ್ನು ಹಳಿಯುವುದಲ್ಲ. ಬರೆದವನಿಗೇ ಮೊದಲು ತಿಳಿಸಿ, ಜೊತೆ ಕುಳಿತು ಪರಿಶೀಲಿಸಿ, ಆಮೇಲೆ ದಾಖಲಿಸಬಹುದು. ಸಂಕೋಚಕ್ಕೆ ಸೋತು ದಾಖಲಿಸದೆ ಬಿಡಲು ಮಾತ್ರ ಅವನಿಗೆ ಅಧಿಕಾರವಿಲ್ಲ. ಅದನ್ನು ಬಳಸುವವರು ಅವನ ಕಣ್ಣಿಗೆ ಬೀಳದ ಜನರು.